ಅತ್ತಿಗಿಡಕ್ಕೆ ಅಮ್ಮ ಬಂದ ಮಳೆಗಾಲ

ಹೋದ ತಿಂಗಳು ಸೇಡಮ್‌ನಿಂದ ವಾಡಿಗೆ ಹೋಗಿದ್ದೆ. ಮೈದುನನ ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು. ಜೊತೆಗೆ ನನ್ನ ಮಗಳ ಮಗಳು ಗೌರಿ. ರೈಲು ಇಳಿದಾಗ ಮಳೆ ಆಗಷ್ಟೇ ನಿಂತಿತ್ತು. ಆಟೋದವರು ಮುತ್ತಿಕೊಂಡರೂ ಬೇಡವೆಂದು, ಹಳಿ ದಾಟಿ ನಾವು ಮೊದಲು ಇದ್ದ ಓಣಿಯ ಕಡೆಯಿಂದ ನಡೆದೆ. ಯಾಕೆ ನಡೆದೆನೋ ಗೊತ್ತಿಲ್ಲ, ಕಾಲು ತಾವೇ ಹೋದವು. ಬಾವಿಯ ಹತ್ತಿರ ಬಂದಾಗ ಕಾಲಡಿ ಏನೋ ಪಿಚ್ಚೆಂದಿತು. ಅತ್ತಿಹಣ್ಣು. ಅದರ ಹುಳಿಸಿಹಿ ವಾಸನೆ, ಅದರ ಮೇಲೆ ನೆಂದ ಕಲ್ಲುಪುಡಿಯ ವಾಸನೆ, ಎರಡೂ ಕೂಡಿ ಮೂಗಿಗೆ ಬಡಿದವು ನೋಡಿ, ನಾನು ಅಲ್ಲಿಯೇ ನಿಂತುಬಿಟ್ಟೆ. ಹಳೆಯದೊಂದು ಮಳೆಗಾಲ. ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಎದ್ದು ಬಂತು.

ನನಗೆ ಮೊದಲಿನಿಂದ ಒಂದು ರೂಢಿಯಿದೆ. ಸಂಜೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತಾಗ ಏನನ್ನೂ ಬೇಡುವುದಿಲ್ಲ. ಬೇಡುವುದಕ್ಕಿಂತ ಮೊದಲು ಬಂದದ್ದನ್ನು ಒಪ್ಪಿಸಬೇಕು ಎಂದು ನನ್ನವ್ವ ಕಲಿಸಿದ್ದಳು. ಇವತ್ತು ನಳಕ್ಕೆ ನೀರು ಬಂತು, ಶರಣು ತಂದೆ. ಹಾಲು ಒಡೆಯಲಿಲ್ಲ, ಶರಣು. ಯಜಮಾನರು ಡ್ಯೂಟಿಯಿಂದ ಕೈಕಾಲು ನೆಟ್ಟಗೆ ಮನೆಗೆ ಬಂದರು, ಶರಣು. ಹೀಗೆ ಸಣ್ಣಸಣ್ಣವನ್ನು ಎಣಿಸುತ್ತ ಹೋದರೆ ಮನಸ್ಸು ತಾನೇ ಕೆಳಗೆ ಕೂಡುತ್ತದೆ. ಆದರೆ ಆ ಒಂದು ಮಳೆಗಾಲದಲ್ಲಿ ಎಣಿಸಲು ಕುಳಿತರೆ ಬೆರಳು ಮುಂದೆ ಹೋಗುತ್ತಿರಲಿಲ್ಲ. ಬಾಯಿಗೆ ಬರುತ್ತಿದ್ದುದು ಒಂದೇ ಮಾತು: ಈ ಸಲ ಉಳಿಸಿಕೊಡು.

ಆಗ ಯಜಮಾನರು ರೈಲ್ವೆಯಲ್ಲಿ ಹಳಿ ನೋಡುವ ಕೆಲಸದಲ್ಲಿದ್ದರು. ನಾವು ಹಳಿಯ ಆಚೆ ಬಾಡಿಗೆ ಮನೆಯಲ್ಲಿದ್ದೆವು. ಮೇಲೆ ಫರ್ಸಿಕಲ್ಲು, ಕೆಳಗೆ ಫರ್ಸಿ, ಗೋಡೆಗೂ ಕಲ್ಲು. ಮಗಳು ಭಾಗ್ಯ ಶಹಾಬಾದಿನ ಗಂಡನ ಮನೆಯಿಂದ ಬಾಣಂತನಕ್ಕೆಂದು ಬಂದಿದ್ದಳು. ಹಿಂದಿನ ವರ್ಷ ಒಂದು ಬಸಿರು ನಿಂತು, ನಾಲ್ಕನೇ ತಿಂಗಳಿಗೇ ಹೋಗಿತ್ತು. ಅದಕ್ಕೇ ಈ ಸಲ ಏಳು ತುಂಬುವುದಕ್ಕೂ ಕಾಯದೆ ಕರೆದುಕೊಂಡು ಬಂದಿದ್ದೆ. ಅಳಿಯ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಮಾತು ಕಡಿಮೆ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಅತ್ತಿ, ನಿಮ್ಮ ಕೈಯಾಗ ಇಟ್ಟೀನ್ರಿ" ಎಂದಷ್ಟೇ ಹೇಳಿ ಹೋದ. ಆ ಮಾತು ನನ್ನ ಎದೆಯ ಮೇಲೆ ಕಲ್ಲಿನಂತೆ ಕುಳಿತಿತ್ತು.

ನಾನು ಕುಂತಲ್ಲಿ ಕೂಡುತ್ತಿರಲಿಲ್ಲ. ಅವಳು ಮಲಗಿದರೆ ಉಸಿರಾಡುತ್ತಾಳೋ ಇಲ್ಲವೋ ನೋಡುತ್ತಿದ್ದೆ, ಎದ್ದರೆ ಯಾಕೆ ಎದ್ದಳೆಂದು ನೋಡುತ್ತಿದ್ದೆ. ಮಧ್ಯಾಹ್ನ ಖಣಿಯಲ್ಲಿ ಕಲ್ಲು ಸಿಡಿಸಿದರೆ ಗೋಡೆಯ ಮಾಡದಲ್ಲಿನ ತಾಟುಗಳು ಗಿಲಿಗಿಲಿ ಅನ್ನುತ್ತಿದ್ದವು. ಆಗ ನನ್ನ ಕೈ ತಾನೇ ಅವಳ ಹೊಟ್ಟೆಯ ಮೇಲೆ ಹೋಗುತ್ತಿತ್ತು.

"ಅವ್ವಾ, ನಂದು ಹೊಟ್ಟಿ, ತಾಟಲ್ಲ. ಬೀಳಾಂಗಿಲ್ಲ," ಎಂದು ಭಾಗ್ಯ ನಗುತ್ತಿದ್ದಳು.

ಆ ವರ್ಷ ಬೇಸಿಗೆಯಲ್ಲಿ ಬಂದ ಅಮ್ಮನ ಬೇನೆ ಮಳೆ ಬಿದ್ದರೂ ಓಣಿ ಬಿಟ್ಟಿರಲಿಲ್ಲ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಖಾಜಾಬಿಯದು. ಅವಳ ಮೊಮ್ಮಕ್ಕಳ ಮೈ ತುಂಬ ಗುಳ್ಳೆ ಎದ್ದು, ಬೇವಿನ ಹಾಸಿಗೆಯಲ್ಲಿ ಮಲಗಿ ಎದ್ದಿದ್ದವು. ಭಾಗ್ಯಳಿಗೆ ಸಣ್ಣವಳಿದ್ದಾಗಲೇ ಅಮ್ಮ ಬಂದು ಹೋಗಿದ್ದಳು, ಹಣೆಯ ಮೇಲೆ ಇನ್ನೂ ಒಂದು ಗುರುತಿದೆ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂದು ಗೊತ್ತಿದ್ದರೂ ಹೊಟ್ಟೆಯೊಳಗಿನದಕ್ಕೆ ಬಂದಿಲ್ಲವಲ್ಲ ಎಂದು ನನಗೆ ಹೆದರಿಕೆ.

ಇಂಥದರಲ್ಲಿ ಒಂದು ಮುಂಜಾನೆ ನೀರು ಸೇದಲು ಹೋದಾಗ ಗುರಮ್ಮಾಯಿ ಬಾವಿಕಟ್ಟೆಯ ಮೇಲೆ ನಿಂತು, ಅತ್ತಿಗಿಡದ ಟೊಂಗೆಯೊಂದನ್ನು ಕೋಲಿನಿಂದ ಬಗ್ಗಿಸಿ ಹಿಡಿದಿದ್ದಳು. ಗುರಮ್ಮಾಯಿ ನಮ್ಮ ಓಣಿಯ ಹಿರಿಯಳು. ಮದುವೆಯ ದಿನ ಗೊತ್ತುಮಾಡುವುದರಿಂದ ಹಿಡಿದು ಎಮ್ಮೆ ಯಾವಾಗ ಈಯುತ್ತದೆ ಎನ್ನುವತನಕ ಅವಳ ಮಾತೇ ಮಾತು.

"ಏ ಕಸ್ತೂರಿ, ಇತ್ತ ಬಾ. ಈ ಎಲಿ ನೋಡು," ಎಂದಳು.

ನೋಡಿದೆ. ಎಲೆಯ ಮೇಲೆಲ್ಲ ಗುಳ್ಳೆ. ಕಡಲೆಕಾಳಿನಷ್ಟು ಕೆಲವು, ಜೋಳದ ಕಾಳಿನಷ್ಟು ಕೆಲವು. ಕೆಲವು ಹಸಿರು, ಕೆಲವಕ್ಕೆ ತುದಿಯಲ್ಲಿ ಕೆಂಪು ಏರಿತ್ತು. ಒಂದು ಎಲೆಗಲ್ಲ, ಟೊಂಗೆ ಟೊಂಗೆಗೂ. ಖಾಜಾಬಿಯ ಮೊಮ್ಮಕ್ಕಳ ಬೆನ್ನು ನೋಡಿದ ಹಾಗೇ ಆಯಿತು. ಕೈಯೊಳಗಿನ ಕೊಡ ಕೆಳಗಿಟ್ಟೆ.

"ಗಿಡಕ್ಕ ಅಮ್ಮ ಬಂದಾಳ," ಎಂದಳು ಗುರಮ್ಮಾಯಿ.

"ಗಿಡಕ್ಕೂ ಬರ್ತಾಳೇನ್ರಿ ಆಯಿ?"

"ಯಾಕ ಬರಬಾರದು? ಮನಿಮನಿ ತಿರುಗಿ ಕಾಲು ಸೋತಾವ. ನೆರಳ ಕಂಡಾಳ, ಕುಂತಾಳ."

ಅಷ್ಟರಲ್ಲಿ ಕೊಡ ಹೊತ್ತು ಬಂದ ಖಾಜಾಬಿ ಮೇಲೆ ನೋಡಿ, "ನನ್ನ ಮೊಮ್ಮಕ್ಕಳ ಮೈಮ್ಯಾಲಿಂದ ಇಳದು ಸೀದಾ ಇಲ್ಲಿ ಏರ್ಯಾಳ ಬಿಡ್ರಿ. ಬಾಡಿಗಿ ಕೊಡದ ಮಂದಿ ಹಿಂಗೇ ಮನಿ ಬದಲ್ ಮಾಡ್ತಾರ," ಎಂದಳು. ಗುರಮ್ಮಾಯಿಯ ಕಣ್ಣು ನೋಡಿ ತಕ್ಷಣ ಸೆರಗು ಬಾಯಿಗೆ ಹಿಡಿದು, "ತೋಬಾ ತೋಬಾ, ತಪ್ಪಾತ್ರಿ ತಾಯಿ," ಎಂದು ಗಿಡಕ್ಕೇ ಕೈ ಮುಗಿದಳು.

ಅವತ್ತಿನಿಂದ ನಮ್ಮ ಓಣಿಗೆ ಓಣಿಯೇ ಅಮ್ಮ ಬಂದ ಮನೆಯಾಯಿತು. ನಮ್ಮ ಕಡೆ ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಕರಿಯುವುದಿಲ್ಲ, ಸಾಸಿವೆಯ ಸಪ್ಪಳ ತಾಯಿಗೆ ಆಗದು. ತಲೆ ಬಾಚುವುದಿಲ್ಲ, ಹೊರಗಿನವರು ಒಳಗೆ ಬರುವುದಿಲ್ಲ. ಇದನ್ನೆಲ್ಲ ಒಂದು ಮನೆಗೆ ಪಾಲಿಸಿ ಗೊತ್ತು. ಗಿಡದ ಮನೆ ಯಾವುದು? ಅದರ ಬುಡದ ಬಾವಿಯ ನೀರು ಕುಡಿಯುವವರೆಲ್ಲ ಅದರ ಮನೆಯವರೇ ಎಂದು ಗುರಮ್ಮಾಯಿ ತೀರ್ಮಾನ ಕೊಟ್ಟಳು. ಬಾವಿಯ ನೀರು ಓಣಿಯ ಎಲ್ಲರೂ ಕುಡಿಯುತ್ತಿದ್ದೆವು. ಗಿಡದ ಬೊಡ್ಡೆಗೆ ಅರಿಶಿಣ ಹಚ್ಚಿದೆವು. ದಿನಾ ಬೇವಿನ ನೀರು ಎರೆದೆವು, ಮೊಸರನ್ನ ಇಟ್ಟೆವು. ಓಣಿಯ ಬಾಯಿಗೆ ಅಡ್ಡವಾಗಿ ಗಿಡದಿಂದ ಎದುರಿನ ಲೈಟಿನ ಕಂಬಕ್ಕೆ ಬೇವಿನ ಹಗ್ಗ ಕಟ್ಟಿ, ಅದನ್ನೇ ಗಡಿ ಮಾಡಿದೆವು.

"ದುಡಿಯಾಕ ಹೋಗೋರನ್ನ ತಾಯಿ ತಡಿಯಾಂಗಿಲ್ಲ," ಎಂದಳು ಗುರಮ್ಮಾಯಿ. "ಬಸರಿ, ಬಾಣಂತಿ, ಕೂಸು ಗಡಿ ದಾಟಬಾರದು. ಹೊಂಟವರ ಬೆನ್ನು ಹತ್ತಿ ಹೋಗ್ತಾಳ ಆಕಿ."

ಬಸರಿ ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಓಣಿಯಲ್ಲಿ ಬಸರಿ ಇದ್ದವಳು ಭಾಗ್ಯ ಒಬ್ಬಳೇ.

ನಾನು ಹ್ಞೂಂ ಎಂದೆ. ಯಾರೂ ನನ್ನನ್ನು ಕಟ್ಟಿಹಾಕಲಿಲ್ಲ. ನಂಬಿದವಳು ನಾನು, ಇವತ್ತಿಗೂ ನಂಬುತ್ತೇನೆ. ಹಿಂದಿನ ವರ್ಷ ಎಲ್ಲಿ ಏನು ತಪ್ಪಿ ಹಾಗಾಯಿತೋ ಯಾರೂ ಹೇಳಲಿಲ್ಲ. ಈ ಸಲ ಯಾರು ಏನು ಹೇಳಿದರೂ ಪಾಲಿಸುವುದು ಎಂದು ಮನಸ್ಸು ಮಾಡಿದ್ದೆ. ಯಜಮಾನರು ಮಾತ್ರ ಸಪ್ಪನೆಯ ಪುಂಡಿಪಲ್ಲೆ ನೋಡಿ ರೊಟ್ಟಿ ಮುರಿಯುತ್ತ ಗೊಣಗುತ್ತಿದ್ದರು.

"ಗಿಡಕ್ಕ ಜಡ್ಡು, ನಮಗ ಪಥ್ಯ. ನಾಳಿ ಖಾಜಾಬಿ ಕೋಳಿಗಿ ನೆಗಡಿ ಆದ್ರ ನನಗ ಕಷಾಯ ಕುಡಸ್ತಿ."

"ಬಾಯಿ ಬಿಗಿ ಹಿಡೀರಿ. ಮನ್ಯಾಗ ಬಸರಿ ಹೆಣ್ಣದ."

"ಅದಕ್ಕೇ ಹೇಳ್ಳಿಕತ್ತೀನಿ. ಆ ಹುಡಿಗಿರೆ ಏನ್ ತಿಂತದ ನೋಡು."

ನೋಡುತ್ತಿದ್ದೆ. ಭಾಗ್ಯ ಎರಡು ತುತ್ತು ನುಂಗಿ ತಾಟು ಸರಿಸುತ್ತಿದ್ದಳು. ಖಾಜಾಬಿಯೂ ಒಗ್ಗರಣೆ ಬಿಟ್ಟಿದ್ದಳು. "ನಮ್ಮ ಮೊಹರಮ್ಮಿಗಿ ನೀವು ಬರ್ತೀರಿ, ನಿಮ್ಮ ಅಮ್ಮಾಗ ನಾವು ಬಗಾರ ಬಿಡ್ತೀವಿ. ಹಿಸಾಬ್ ಬರಾಬರ್," ಎಂದು ಗೋಡೆಯ ಮೇಲಿಂದ ಹೇಳುತ್ತಿದ್ದಳು. ಆದರೆ ಓಣಿಯ ಮೇಲೆ ಎಂಥದೋ ಭಾರ ಕವಿದಿತ್ತು. ಮಳೆ ಬರುವಂತೆ ಮಾಡಿ ಬರುತ್ತಿರಲಿಲ್ಲ. ಗಾಳಿಯಿಲ್ಲ. ರೈಲುಗಳು ಕೂಗಿಕೊಂಡು ಹೋಗುತ್ತಿದ್ದವು. ನಿಂತವರು ನಾವು ಮಾತ್ರ. ಆಷಾಢ ಮುಗಿದು ಶ್ರಾವಣ ಬಂತು. ಗುಳ್ಳೆ ಇಳಿಯುವ ಬದಲು ದಪ್ಪಗಾದವು. ಅಮ್ಮ ಮಕ್ಕಳ ಮೈಮೇಲೆ ಇಷ್ಟು ದಿನ ಕೂಡುವುದಿಲ್ಲ. ಗಿಡದ ಮೇಲೆ ಯಾಕೆ ಕೂತಿದ್ದಾಳೆ, ಯಾರಿಗಾಗಿ ಕಾಯುತ್ತಿದ್ದಾಳೆ ಎಂದು ನನಗೆ ದಿನಾ ಅದೇ ಚಿಂತೆ.

"ಅವ್ವಾ, ದವಾಖಾನಿ ತಾರೀಖು ದಾಟಿ ಹೋತು," ಎಂದಳು ಭಾಗ್ಯ ಒಂದು ದಿನ.

"ಅಮ್ಮ ಹೋಗ್ಲಿ, ಮರುದಿನಾನೇ ಹೋಗೂಣು."

"ಆಕಿ ಹೋಗೂತನಾ ಇದು ನಿಂದರಬೇಕಲ್ಲ ಒಳಗ?"

ಅವಳು ನಗೆಗೆ ಅಂದದ್ದು. ನಾನು ಒಳಗೆ ಹೋಗಿ ಇಲ್ಲದ ಕೆಲಸ ಹುಡುಕಿಕೊಂಡು ಅಕ್ಕಿ ಆರಿಸುತ್ತ ಕುಳಿತೆ.

ಮರುದಿನ ಮಧ್ಯಾಹ್ನ ಬಾವಿಯ ಕಡೆಯಿಂದ ಭಾಗ್ಯಳ ಕೂಗು ಕೇಳಿ ಓಡಿದೆ. ಬಾವಿಯ ಹತ್ತಿರದ ಫರ್ಸಿಯ ಮೇಲೆ ಅವಳು ಕಾಲು ಚಾಚಿ ಕುಳಿತಿದ್ದಳು. ತೊಡೆಯ ಮೇಲೆ ಅತ್ತಿಯ ಎಲೆ, ಕೈಯಲ್ಲಿ ತಲೆಯ ಪಿನ್ನು. ಒಂದು ಗುಳ್ಳೆ ಬಿಚ್ಚಿಕೊಂಡಿತ್ತು.

"ಅಯ್ಯ ಶಿವನೇ! ಏನ್ ಮಾಡ್ದಿ ಹುಡಿಗಿ!"

ಅಮ್ಮನ ಗುಳ್ಳೆಗೆ ಉಗುರು ತಾಗಿಸಬಾರದು. ಕೆರೆದುಕೊಳ್ಳದ ಹಾಗೆ ಕೂಸುಗಳ ಕೈಗೆ ಅರಿವೆ ಸುತ್ತಿ ಮಲಗಿಸುವವರು ನಾವು. ಇವಳು ಪಿನ್ನು ಚುಚ್ಚಿ ಬಿಚ್ಚಿದ್ದಳು, ಅದೂ ತುಂಬಿದ ಹೊಟ್ಟೆ ಇಟ್ಟುಕೊಂಡು.

"ಬೈಬ್ಯಾಡ, ಮೊದ್ಲ ನೋಡು. ಒಳಗ ಯಾರೋ ಅದಾರ."

ನೋಡಬಾರದೆಂದುಕೊಂಡೇ ಬಗ್ಗಿದೆ. ಗುಳ್ಳೆಯೊಳಗೆ ಒಂದು ಸಣ್ಣ ಕೋಣೆ. ಒಳಗೋಡೆ ನುಣ್ಣಗೆ, ಸಾರಿಸಿದ ಹಾಗೆ. ಅದರೊಳಗೆ ಎಳ್ಳಿಗಿಂತ ಸಣ್ಣದೊಂದು ಜೀವ, ಹಿಟ್ಟು ಹಚ್ಚಿಕೊಂಡಂಥ ಮೈ, ಕಾಲು ಮಡಚಿಕೊಂಡು ಕುಳಿತಿತ್ತು. ಬೆಳಕು ಬಿದ್ದೊಡನೆ ಮೆಲ್ಲಗೆ ಮಿಸುಕಾಡಿತು.

ಭಾಗ್ಯ ಆಗಲೇ ಮೊಬೈಲಿನಲ್ಲಿ ನೋಡಿಕೊಂಡಿದ್ದಳು. "ಇದು ಬ್ಯಾನಿ ಅಲ್ಲವ್ವಾ, ಹುಳ. ಎಳಿ ಎಲಿ ಮ್ಯಾಲ ತತ್ತಿ ಇಟ್ಟು ಹೋಗ್ತಾವಂತ. ಎಲಿ ತಾನೇ ಉಬ್ಬಿ ಅದರ ಸುತ್ತ ಮನಿ ಕಟ್ಟತದಂತ. ಉಣ್ಲಿಕ್ಕೂ ಅದೇ ಎಲಿ, ಮಲಗ್ಲಿಕ್ಕೂ ಅದೇ ಎಲಿ. ದೊಡ್ಡದಾದ ಮ್ಯಾಲ ರೆಕ್ಕಿ ಬಂದು ಹೊಂಟು ಹೋಗ್ತದ."

"ಎಲಿಗಿ ತ್ರಾಸ ಆಗಾಂಗಿಲ್ಲೇನು?"

"ಆಗ್ತಿರಬೇಕು. ಆದ್ರೂ ಇಟ್ಕೊಂಡದ ನೋಡು."

ಹೇಳುತ್ತ ಹೇಳುತ್ತ ಅವಳ ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು. ನಾನು ನೋಡಿದೆ, ನೋಡಿದ್ದು ಅವಳಿಗೆ ತಿಳಿಯಬಾರದೆಂದು ಬಾವಿಯ ಕಡೆ ತಿರುಗಿದೆ.

ಭಾಗ್ಯ ಸುಮ್ಮನಿರುವ ಹುಡುಗಿಯಲ್ಲ. ಎಲೆ ತೆಗೆದುಕೊಂಡು ಸೀದಾ ಗುರಮ್ಮಾಯಿಯ ಕಟ್ಟೆಗೆ ಹೋದಳು. ನಾನು ಹಿಂದೆ ಹಿಂದೆ. ಗುರಮ್ಮಾಯಿ ಎಲೆಯನ್ನು ನೋಡಲಿಲ್ಲ. ಅವಳ ಕೈಯಲ್ಲಿನ ಪಿನ್ನು ನೋಡಿದಳು.

"ಅತ್ತಿ ಹಣ್ಣಿನ್ಯಾಗ ಹುಳ ಇರ್ತಾವಂತ ಹಲ್ಲು ಬರದ ಕೂಸಿಗೂ ಗೊತ್ತದವ್ವ. ಅದಕ್ಕ ಯಾರೂ ಹಣ್ಣು ಬಿಚ್ಚಿ ನೋಡಾಂಗಿಲ್ಲ. ನೀ ಎಲಿ ಯಾಕ ಬಿಚ್ಚಿದಿ? ತಾಯಿ ಕುಂತ ಹಾಸಿಗಿ ಅದು. ಬಸರಿ ಹೆಣ್ಣಮಗಳ ಕೈಲೆ..."

ಅಷ್ಟಕ್ಕೇ ಮಾತು ನಿಲ್ಲಿಸಿ ಒಳಗೆ ಹೋಗಿ ಕದ ಮುಂದೆ ಎಳೆದುಕೊಂಡಳು. ಮಾತು ಮುಗಿಸಿ ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅರ್ಧ ಬಿಟ್ಟ ಮಾತನ್ನು ನಾನೇ ಮುಗಿಸುತ್ತ ಹೋದೆ. ರೊಟ್ಟಿ ತಟ್ಟುವಾಗ ಒಂದು ರೀತಿ ಮುಗಿಯಿತು, ಕಸ ಗುಡಿಸುವಾಗ ಇನ್ನೊಂದು ರೀತಿ. ಹುಳವನ್ನು ಕಣ್ಣಾರೆ ಕಂಡಿದ್ದೆ. ಆದರೂ ಅಮ್ಮ ಹುಳದ ರೂಪದಲ್ಲಿ ಬರಬಾರದೆಂದು ಯಾರು ಹೇಳಿದರು? ಕಣ್ಣು ಒಂದು ಹೇಳುತ್ತಿತ್ತು, ಎದೆ ಇನ್ನೊಂದು.

ಮರುದಿನ ಮುಂಜಾನೆ ಭಾಗ್ಯ ಹಾಸಿಗೆಯಿಂದ ಏಳದೆ ಕರೆದಳು.

"ಅವ್ವಾ, ಇದು ಮಿಸುಕಾಡವಲ್ದು."

"ಮಲಗಿರಬೇಕು."

"ದಿನಾ ಈ ಹೊತ್ತಿಗೆ ಒದಿತದ. ನೀ ಕೈ ಇಟ್ಟು ನೋಡು."

ಇಟ್ಟೆ. ಏನೂ ಇಲ್ಲ. ಎಡಕ್ಕೆ ಮಗ್ಗಲು ಮಾಡಿಸಿದೆ, ನೀರು ಕುಡಿಸಿದೆ. ಏನೂ ಇಲ್ಲ. ಅವಳು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಯಜಮಾನರು ಹಳಿಯ ಮೇಲಿದ್ದರು. ಗೋಡೆಯ ಮೇಲಿಂದ ಕೂಗಿದ್ದೇ ತಡ, ಖಾಜಾಬಿ ಆಟೋ ಕರೆಯಲು ಚಪ್ಪಲಿಯೂ ಇಲ್ಲದೆ ಓಡಿದಳು. ಗಡಿಯೊಳಗೆ ಬರುವುದಿಲ್ಲವೆಂದು ಆಟೋದವನು ಬೇವಿನ ಹಗ್ಗದ ಆಚೆಯೇ ನಿಂತ.

ಹಗ್ಗದ ಈಚೆ ಗಿಡದ ಬುಡದಲ್ಲಿ ಗುರಮ್ಮಾಯಿ ಕೋಲು ಊರಿಕೊಂಡು ನಿಂತಿದ್ದಳು. ಅವಳು ತಡೆದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ತಾಯೀ, ನೀನೂ ಹೆಣ್ಣು, ನಿನಗೂ ಮಕ್ಕಳಿದ್ದಾವು, ಬೆನ್ನು ಹತ್ತುವುದಿದ್ದರೆ ನನ್ನ ಬೆನ್ನು ಹತ್ತು. ಗಿಡಕ್ಕೆ ಹೇಳಬೇಕೋ ಗುರಮ್ಮಾಯಿಗೆ ಹೇಳಬೇಕೋ ತಿಳಿಯದೆ ಭಾಗ್ಯಳ ತೋಳು ಹಿಡಿದು ನಿಂತೆ.

"ಎಲ್ಲಿಗಿ?" ಎಂದಳು.

"ಚಿತ್ತಾಪುರ ದವಾಖಾನಿಗ್ರಿ. ಕೂಸು ಮಿಸುಕಾಡವಲ್ದು."

ಗುರಮ್ಮಾಯಿ ಭಾಗ್ಯಳ ಮುಖ ನೋಡಿದಳು, ಹೊಟ್ಟೆ ನೋಡಿದಳು, ಮೇಲೆ ಗಿಡ ನೋಡಿದಳು. ಆಮೇಲೆ ಕೋಲಿನ ತುದಿಯಿಂದ ಬೇವಿನ ಹಗ್ಗವನ್ನು ಮೇಲಕ್ಕೆತ್ತಿ ಹಿಡಿದಳು.

"ಸಾವಕಾಶ ಬಗ್ಗು. ಹೊಟ್ಟಿಗಿ ಹತ್ತಬಾರದು."

ಭಾಗ್ಯ ದಾಟಿದಳು. ನಾನು ಹಗ್ಗದ ಈಚೆಯೇ ನಿಂತೆ. "ಆಯಿ, ಅಮ್ಮ...?" ಎಂದೆ.

"ಬಸರಿ ಗಡಿ ದಾಟಿದ್ರ ಒಬ್ಬರು ತಾಯಿ ಹತ್ರ ಒತ್ತೆಯಾಗಿ ಇರಬೇಕು. ನಾ ಕುಂದರ್ತೀನಿ. ನೀವು ತಿರುಗಿ ಬರೂತನಾ ಹನಿ ನೀರು ಮುಟ್ಟಾಂಗಿಲ್ಲ. ನೀ ನಡಿ."

"ಮಳಿ ಬರಂಗದ ಆಯಿ..."

"ಬರ್ಲಿ. ನಾ ಏನ್ ಬೆಲ್ಲ ಇದ್ದೀನೇನು ಕರಗ್ಲಿಕ್ಕ? ನಡಿ ಅಂದ್ರ!"

ರಾವೂರ ದಾಟುವಾಗ ಖಣಿಗಳ ತುಂಬ ಮಳೆನೀರು ನಿಂತು ಹಸಿರಾಗಿತ್ತು. ಆಟೋ ಒಂದೊಂದು ತಗ್ಗಿಗೆ ಜಿಗಿದಾಗಲೂ ಭಾಗ್ಯಳನ್ನು ಅವುಚಿ ಹಿಡಿದುಕೊಂಡೆ. ತಗ್ಗಿನ ಕುಲುಕಾಟಕ್ಕಾದರೂ ಎದ್ದು ಒದೆಯಲಿ ಎಂದು ಒಂದು ಮನಸ್ಸು, ಕುಲುಕಬಾರದು ಎಂದು ಇನ್ನೊಂದು. ಸೆರಗಿನೊಳಗೆ ಲಿಂಗ ಹಿಡಿದ ಕೈ ಬೆವೆತು ಒದ್ದೆಯಾಗಿತ್ತು.

ದವಾಖಾನೆಯಲ್ಲಿ ನರ್ಸಬಾಯಿ ಹೊಟ್ಟೆಗೆ ಲೋಳೆಯಂಥದ್ದು ಹಚ್ಚುತ್ತ, "ಹೋದ ಸಲದ ತಪಾಸಣಿಗಿ ಯಾಕ ಬಂದಿಲ್ಲ?" ಎಂದು ಕೇಳಿದಳು.

"ನಮ್ಮ ಓಣ್ಯಾಗ ಅಮ್ಮ ಬಂದಿದ್ಲರಿ."

"ಯಾರ ಮನ್ಯಾಗ?"

"ಗಿಡಕ್ಕ್ರಿ."

ನರ್ಸಬಾಯಿ ನನ್ನ ಮುಖ ನೋಡಿದಳು. ನಗು ಬಂತೇನೋ, ನಗಲಿಲ್ಲ, ಪುಣ್ಯಾತ್ಗಿತ್ತಿ. ಅಂಗೈಯಗಲದ ಯಂತ್ರವೊಂದನ್ನು ಹೊಟ್ಟೆಯ ಮೇಲೆ ಇಟ್ಟಳು. ಕರಕರ ಅಂತು, ಅಷ್ಟೇ. ಕೆಳಗೆ ಸರಿಸಿದಳು. ಕರಕರ. ಇನ್ನೊಂದು ಮಗ್ಗಲಿಗೆ. ಕರಕರ. ಅವಳ ಹುಬ್ಬು ಕೂಡಿಕೊಂಡಿತು. ಗೋಡೆಯ ಮೇಲೆ ಒಂದು ಹಲ್ಲಿ ಇತ್ತು, ನಾನು ಅದನ್ನೇ ನೋಡುತ್ತಿದ್ದೆ. ಹಲ್ಲಿ ನುಡಿಯಬಾರದು, ಏನೂ ನುಡಿಯಬಾರದು ಎನ್ನುತ್ತಿದ್ದೆ. ಭಾಗ್ಯ ನನ್ನ ಬೆರಳು ಹಿಡಿದು ಹಿಂಡುತ್ತಿದ್ದಳು.

ನರ್ಸಬಾಯಿ ಯಂತ್ರವನ್ನು ಸ್ವಲ್ಪ ಓರೆ ಮಾಡಿ ಒತ್ತಿದಳು. ದಡದಡದಡ ಎಂದು ಬಂತು ನೋಡಿ ಸಪ್ಪಳ! ಕಾಗಿಣಾ ಹೊಳೆಯ ಸೇತುವೆಯ ಮೇಲೆ ಎಕ್ಸ್‌ಪ್ರೆಸ್ ಬಂದ ಹಾಗೆ. ಕೋಣೆ ತುಂಬ ಅದೇ ಸಪ್ಪಳ. ವರ್ಷಗಟ್ಟಲೆ ರೈಲಿನ ಸಪ್ಪಳಕ್ಕೆ ಬೈಯುತ್ತ ಸಂಸಾರ ಮಾಡಿದವಳು ನಾನು. ಅವತ್ತು ನಿಂತಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ.

ಆಮೇಲೆ ಡಾಕ್ಟರಬಾಯಿ ಬಂದು ಬೈದರು. "ಏನ್ ಉಣ್ತಿ ದಿನಾ?" ಎಂದು ಭಾಗ್ಯಳನ್ನು ಕೇಳಿದರು. ಅವಳು ಹೇಳಿದಳು. "ಗಿಡಕ್ಕ ಉಪವಾಸ ಹಾಕ್ರಿ ಬೇಕಾದ್ರ, ಬಸರಿಗಿ ಹಾಕಬ್ಯಾಡ್ರಿ. ಮೈಯಾಗ ನೀರಿಲ್ಲ, ಹೊಟ್ಟ್ಯಾಗ ಕೂಳಿಲ್ಲ. ಕೂಸು ಯಾವ ಕಸುವಿನ ಮ್ಯಾಲ ಒದೀಬೇಕು?" ಎಂದು ನನ್ನ ಕಡೆ ತಿರುಗಿದರು. ತಲೆ ಬಗ್ಗಿಸಿದೆ. ಸಲಾಯಿನ್ ಬಾಟಲಿ ಏರಿಸಿದರು. ಅದು ಅರ್ಧ ಇಳಿಯುವ ಹೊತ್ತಿಗೆ ಭಾಗ್ಯ "ಹಾಂ!" ಎಂದಳು. "ಒದೀತೇನ?" ಎಂದೆ. "ನಿನಗ ಬೈದಿದ್ದು ಕೇಳಿ ಖುಷಿ ಆಗ್ಯದ ಅದಕ್ಕ," ಎಂದಳು.

ಸಂಜೆ ವಾಡಿಗೆ ತಿರುಗಿ ಬಂದಾಗ ಮಳೆ ಬಂದು ಹೋಗಿತ್ತು. ಮೋಡ ಒಡೆದು ಹಳದಿ ಬಿಸಿಲು ಬಿದ್ದಿತ್ತು. ಗುರಮ್ಮಾಯಿ ಅದೇ ಜಾಗದಲ್ಲಿ, ಫರ್ಸಿಯ ಮೇಲೆ, ಒದ್ದೆ ಸೀರೆ ಮೈಗೆ ಅಂಟಿಸಿಕೊಂಡು ಕುಳಿತಿದ್ದಳು. ಖಾಜಾಬಿ ಹಿಡಿದು ನಿಂತ ಛತ್ರಿ ಅವಳ ತಲೆಯ ಮೇಲಿರಲಿಲ್ಲ, ಪಕ್ಕಕ್ಕಿತ್ತು. "ಎಲ್ಲಿ ಕೇಳ್ತಾರ! ಅಮ್ಮ ತೋಯಿಲಿಕತ್ತಾಳ, ನನಗ್ಯಾಕ ಛತ್ರಿ ಅಂತಾರ," ಎಂದಳು ಖಾಜಾಬಿ.

ಗುರಮ್ಮಾಯಿ ನಮ್ಮಿಬ್ಬರ ಮುಖ ನೋಡಿದಳು. ಭಾಗ್ಯ ಬಗ್ಗಿ ಅವಳ ಕೈ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲಿಟ್ಟಳು. ಒಳಗಿನಿಂದ ಒಂದು ಒದೆ ಬಂತು. ಮುದುಕಿ ಕೈ ತೆಗೆಯದೆ, "ಕಾಲು ಗಟ್ಟಿ ಅದಾವ," ಎಂದಳು.

ಆಗಲೇ ನಾನು ಗಿಡ ನೋಡಿದ್ದು. ಎಲೆಯ ಮೇಲಿನ ಗುಳ್ಳೆಗಳು ಅಲ್ಲಲ್ಲಿ ಬಾಯಿ ಬಿಟ್ಟಿದ್ದವು. ಇಳಿಬಿಸಿಲಲ್ಲಿ ಗಿಡದ ಸುತ್ತ ಏನೋ ಮಿನುಗುತ್ತಿತ್ತು. ಧೂಳೆಂದುಕೊಂಡೆ. ಧೂಳಲ್ಲ; ರೆಕ್ಕೆ ಬಂದ ಸಣ್ಣಸಣ್ಣ ಹುಳ, ಒಂದೊಂದಾಗಿ ಎದ್ದು ಹೋಗುತ್ತಿದ್ದವು. ಕೆಲವು ಗುರಮ್ಮಾಯಿಯ ಬಿಳಿಕೂದಲ ಮೇಲೆ ಕುಳಿತು, ದಣಿವಾರಿಸಿಕೊಂಡು, ಮತ್ತೆ ಹಾರಿದವು.

"ಹೊಂಟಾಳ ನೋಡು," ಎಂದಳು ಗುರಮ್ಮಾಯಿ. "ತನ್ನ ಮಂದೀನೆಲ್ಲ ಕರಕೊಂಡು ಹೊಂಟಾಳ."

ಭಾಗ್ಯ ಬಾಯಿ ತೆರೆದಳು. ನಾನು ಮೊಣಕೈಯಿಂದ ತಿವಿದೆ. ಗುರಮ್ಮಾಯಿ ನಕ್ಕಳು, ಆ ಮಳೆಗಾಲದಲ್ಲಿ ಅವಳು ನಕ್ಕದ್ದು ಅದೇ ಮೊದಲು.

"ತಿವೀಬ್ಯಾಡ ಆಕಿನ್ನ. ಹುಳ ಅಂತ ನನಗೂ ಕಾಣ್ತದ, ಕಣ್ಣು ಹೋಗಿಲ್ಲ ನಂದು. ಹುಳ ಆದ್ರೇನು? ಬಂದವರು ಯಾರಿಗೂ ಕೇಡು ಮಾಡಲಾರದಂಗ ಹೋದ್ರ ಕೈ ಮುಗೀಬೇಕು. ಖಾಜಾಬಿ, ಈಗ ನೀರು ಕೊಡು. ಗಂಟಲು ಒಣಗ್ಯದ."

ಮರುದಿನ ಓಣಿಯ ಹೆಂಗಸರೆಲ್ಲ ಸೇರಿ ಹಸಿರು ಬಳೆ, ಕುಪ್ಪಸದ ಖಣ, ಮೊಸರನ್ನ ಬುಟ್ಟಿಯಲ್ಲಿಟ್ಟು, ಹಳಿ ದಾಟಿಸಿ ಬೇವಿನ ಗಿಡದ ಕೆಳಗೆ ಬಿಟ್ಟು, ಹೋಗಿ ಬಾ ತಾಯಿ ಎಂದು ಕಳಿಸಿದೆವು. ಹುಳವೋ ಅಮ್ಮನೋ, ಬಂದವರನ್ನು ಬರಿಗೈಯಲ್ಲಿ ಕಳಿಸುವ ಮಂದಿಯಲ್ಲ ನಾವು. ತಿರುಗಿ ಬಂದು ಎಲ್ಲರೂ ಒಲೆ ಹಚ್ಚಿದೆವು. ಮನೆಮನೆಯಲ್ಲೂ ಸಾಸಿವೆ ಸಿಡಿದ ಸಪ್ಪಳ, ಬೆಳ್ಳುಳ್ಳಿ ಕರಿಬೇವಿನ ಘಮ. ಗೋಡೆಯ ಆಚೆ ಖಾಜಾಬಿ ಕೆಮ್ಮುತ್ತ, "ಹಾಂ, ಇದು ಮನಿ ಅನಿಸ್ತು," ಎಂದಳು. ಯಜಮಾನರು ಬೇಳೆಸಾರು ಸುರಿದುಕೊಂಡು ಉಂಡ ರೀತಿ ನೋಡಬೇಕಿತ್ತು. ಅಂದು ಸಂಜೆ ದೀಪದ ಮುಂದೆ ಕುಳಿತಾಗ ಎಣಿಸಲು ಬೆರಳು ಸಾಲಲಿಲ್ಲ.

ಮಹಾನವಮಿ ಆದ ಮೇಲೆ ಗೌರಿ ಹುಟ್ಟಿದಳು. ಗುರಮ್ಮಾಯಿಯೇ ಬಂದು ಕೂಸಿಗೆ ಎರೆಯುತ್ತಿದ್ದಳು, ಕಾಲ ಮೇಲೆ ಹಾಕಿಕೊಂಡು ಗುಟ್ಟಿ ಎನ್ನುವ ಕೂಸಿನ ಔಷಧ ತೇಯ್ದು ನೆಕ್ಕಿಸುತ್ತಿದ್ದಳು. ಬಜೆ, ಜಾಜಿಕಾಯಿ, ಆಮೇಲೆ ಕೆಮ್ಮಿಗೆಂದು ಕಾಕಡಸಿಂಗಿ. ಕೊಂಬಿನ ಹಾಗೆ ಡೊಂಕಾಗಿ, ಒಳಗೆ ಟೊಳ್ಳಾಗಿರುವ ಆ ವಸ್ತುವನ್ನು ಕಿರಾಣಿ ಅಂಗಡಿಯಿಂದ ತರುತ್ತಿದ್ದೆವು. ಅದು ಕಾಯಿಯೋ ಬೇರೋ ಎಂದು ನಾವು ಯಾರೂ ಕೇಳಿದವರಲ್ಲ. ಒಂದು ದಿನ ಭಾಗ್ಯ ಮೊಬೈಲು ಹಿಡಿದುಕೊಂಡು ಬಂದು, "ಆಯಿ, ಈ ಕಾಕಡಸಿಂಗಿ ಏನಂತ ಮಾಡೀರಿ? ಇದೂ ಹುಳದ ಮನೀನೇ. ಯಾವುದೋ ಗುಡ್ಡದ ಗಿಡದ ಎಲಿ ಮ್ಯಾಲ ಹುಳ ಕಟ್ಟಿಸಿದ್ದು," ಎಂದಳು.

ನನ್ನ ಕೈ ತೇಯುವ ಕಲ್ಲಿನ ಮೇಲೆ ನಿಂತಿತು. ಗುರಮ್ಮಾಯಿಯ ಬೆರಳು ನಿಲ್ಲಲಿಲ್ಲ. ಕೂಸಿನ ನಾಲಿಗೆಗೆ ಸವರುತ್ತಲೇ ಹೇಳಿದಳು:

"ಇದನ್ನೇ ತಿಂದು ನೀ ಬದುಕೀದಿ, ನಿಮ್ಮವ್ವ ಬದುಕ್ಯಾಳ. ಒಬ್ಬರ ಮನಿ ಒಬ್ಬರಿಗಿ ಔಷಧ ಆಗ್ತದ. ಭಾಳ ತಿಳಕೋಬ್ಯಾಡ, ಕೂಸಿನ ಕಾಲು ಹಿಡಿ."

ಗುರಮ್ಮಾಯಿ ಈಗ ಇಲ್ಲ. ಯಜಮಾನರು ನಿವೃತ್ತರಾದ ಮೇಲೆ ನಾವು ಸೇಡಮ್‌ಗೆ ಬಂದೆವು. ಖಾಜಾಬಿ ಮಗನ ಹತ್ತಿರ ಚಿಂಚೋಳಿಗೆ ಹೋದಳೆಂದು ಕೇಳಿದ್ದೇನೆ. ಅವರ ಕದಗಳಿಗೆ ಬೇರೆ ಬಣ್ಣ ಬಂದಿದೆ. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಗಿಡ ಮಾತ್ರ ನಿಂತಿದೆ, ಮತ್ತಷ್ಟು ಹರಡಿಕೊಂಡು. ಹಣ್ಣು ತುಳಿದ ಕಾಲನ್ನು ಹುಲ್ಲಿಗೆ ಒರೆಸುತ್ತ ಮೇಲೆ ನೋಡಿದರೆ ಎಲೆಯ ಮೇಲೆ ಅದೇ ಗುಳ್ಳೆಗಳು. ಎಷ್ಟು ವರ್ಷದಿಂದ ಬಂದು ಹೋಗುತ್ತಿದ್ದವೋ, ನಾವು ತಲೆ ಎತ್ತಿ ನೋಡಿದ್ದು ಆ ಒಂದು ವರ್ಷ ಮಾತ್ರ ಇರಬೇಕು. ಕೈ ಮುಗಿದೆ. ಯಾರಿಗೆ ಎಂದು ಕೇಳಬೇಡಿ.

ತಿರುಗಿ ನೋಡಿದರೆ ಗೌರಿ ಒಂದು ಎಲೆ ಹರಿದುಕೊಂಡು, ಗುಳ್ಳೆಯ ಮೇಲೆ ಉಗುರು ಇಟ್ಟಿದ್ದಳು. ತಾಯಿಯ ಹಾಗೇ ಮಾಡುತ್ತಾಳೆ ಎಲ್ಲಾನೂ.

"ಬಿಚ್ಚಬ್ಯಾಡ," ಎಂದೆ.

"ಯಾಕ ಆಯಿ? ಒಳಗ ಯಾರದಾರ?"

"ಅದಾರ ಯಾರೋ. ಹೊತ್ತು ತುಂಬಿದ ಮ್ಯಾಲ ತಾವೇ ಬರ್ತಾರ."

ಅವಳು ಉಗುರು ತೆಗೆದಳು. ಸ್ವಲ್ಪ ಹೊತ್ತು ಯೋಚನೆ ಮಾಡಿ, ಎಲೆಯನ್ನು ಕಿವಿಗೆ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು. ಅತ್ತ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಹೋಗುತ್ತಿತ್ತು. ಅದು ಪೂರಾ ಹೋಗಿ ಮುಗಿಯುವತನಕ ಕಾದಳು.

"ಏನೂ ಕೇಳಸಾಂಗಿಲ್ಲ, ಆಯಿ."

"ಇನ್ನೊಂದು ಸ್ವಲ್ಪ ಹಿಡಿ," ಎಂದೆ. "ನಿಂದೂ ನಮಗ ಮೊದ್ಲಿಗಿ ಕೇಳಿಸಿದ್ದಿಲ್ಲ."